ಎಮ್ಮೆ ಮಾರಿದ ವರ್ಷ

ದಿಲ್ಲಿಗೆ ಬಂದ ಹೊಸತರಲ್ಲಿ ಶಕ್ತಿನಗರದ ಹತ್ತಿರ ಬಾಡಿಗೆಗಿದ್ದೆ. ಒಂದು ಚಳಿಗಾಲದ ನಸುಕಿನಲ್ಲಿ ಗುರು ಹನುಮಾನ್ ಅಖಾಡಾದ ಬಾಗಿಲಲ್ಲಿ ನಿಂತಾಗ ಅಗೆದ ಮಣ್ಣಿನ ವಾಸನೆ ಬಂತು. ಅದು ನಮ್ಮೂರ ಗರಡಿಮನೆಯ ವಾಸನೆ. ಧಾರವಾಡ ಸೀಮೆಯ ನಮ್ಮ ಅಜ್ಜ ಪೈಲ್ವಾನನಾಗಿದ್ದವ.

ಆ ಅಖಾಡಾ ಶುರುವಾದದ್ದು 1925ರಲ್ಲಿ, ಬಿರ್ಲಾ ಮನೆತನ ಕೊಟ್ಟ ಜಾಗದಲ್ಲಿ. ರಾಜಸ್ಥಾನದ ಚಿಡಾವಾದಿಂದ ಬಂದ ವಿಜಯ್ ಪಾಲ್ ಎಂಬ ಯುವಕ ಇಲ್ಲಿ ಗುರು ಹನುಮಾನ್ ಆದರು. ಹುಡುಗರು ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಬೆಳೆದರು. ಅವರಲ್ಲೊಬ್ಬರಾದ ಸತ್ಪಾಲ್ 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ 100 ಕಿಲೋ ವಿಭಾಗದ ಚಿನ್ನ ಗೆದ್ದರು.

ಈ ಏರ್ಪಾಡು ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ, ಎಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರ ಮಲ್ಲವಿನೋದದ ಭಾಗ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುತ್ತದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಸಾಮು ಎಂದು ಅವರ ಕಸರತ್ತುಗಳನ್ನು ಹೆಸರಿಸುತ್ತದೆ. ಇವೆಲ್ಲ ಜಟ್ಟಿಯ ಪಾಲು. ಬೇಳೆ, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ.

ಆ ಹೊಣೆ ಯಾಕೆಂದು ಇಂದಿನ ಶರೀರಶಾಸ್ತ್ರ ಬಿಡಿಸಿ ಹೇಳುತ್ತದೆ. ಸಾಮು ಸ್ನಾಯುವನ್ನು ದಣಿಸುತ್ತದೆ, ಅದರ ಎಳೆಗಳಿಗೆ ಸಣ್ಣ ಪೆಟ್ಟೂ ಆಗುತ್ತದೆ. ಅದನ್ನು ಸರಿಪಡಿಸಿ ಮೊದಲಿಗಿಂತ ಗಟ್ಟಿ ಮಾಡುವುದು ಆಮೇಲಿನ ಊಟ ಮತ್ತು ನಿದ್ದೆ. ಹಾಗೆ ಬಂದ ಕಸುವು ಕೂಡಿಟ್ಟ ದುಡ್ಡಲ್ಲ. ಸಾಮು ಬಿಟ್ಟ ಕೆಲವೇ ವಾರಗಳಲ್ಲಿ ದಮ್ಮು ಕುಂದುತ್ತದೆ, ಆಮೇಲೆ ತೋಳು ಸೊರಗುತ್ತದೆ. ಊಟ ಸಾಲದೆ ಸಾಮು ಮಾಡಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ.

ಅಜ್ಜನಿಗೆ ಅರಸನೂ ಇರಲಿಲ್ಲ, ಬಿರ್ಲಾನೂ ಇರಲಿಲ್ಲ. ಇದ್ದದ್ದು ಒಂದು ಎಮ್ಮೆ. ಬರ ಬಿದ್ದ ವರ್ಷ ಅದನ್ನು ಮಾರಿದರು; ಅದೇ ವರ್ಷ ಅಜ್ಜ ಕುಸ್ತಿ ಬಿಟ್ಟ. ಅಂಜಿ ಬಿಟ್ಟನೆಂದು ಊರು ಆಡಿಕೊಂಡಿತು. ಆ ಮಾತು ಕೇಳುತ್ತಲೇ ಬೆಳೆದ ನಾನು ಒಮ್ಮೆ ಅವನ ಮುಖಕ್ಕೇ ಅಂದಿದ್ದೆ: “ಅಜ್ಜಾ, ನೀ ಅಂಜಿ ಕುಸ್ತಿ ಬಿಟ್ಟಿಯಂತಲ್ಲಾ?”

“ಎಮ್ಮಿ ಹೋತು, ಕುಸ್ತಿ ಹೋತು” ಅಂದ. ನೆಪ ಹೇಳುತ್ತಾನೆ ಅಂದುಕೊಂಡು ನಕ್ಕಿದ್ದೆ.

ಆ ನಸುಕಿನಲ್ಲಿ ಅಖಾಡಾದ ಮುಂದೆ ಒಬ್ಬಾತ ಹಾಲಿನ ಕ್ಯಾನುಗಳನ್ನು ಇಳಿಸುತ್ತಿದ್ದ. ನೋಡುತ್ತ ನಿಂತಾಗ ಅಜ್ಜನ ಮಾತಿನ ಲೆಕ್ಕ ಹತ್ತಿತು. ಅಷ್ಟರಲ್ಲಿ ಅವನು ತೀರಿಕೊಂಡು 11 ವರ್ಷ ಆಗಿತ್ತು.