ಪೀಣ್ಯದಿಂದ ವಿಯೆನ್ನಾಕ್ಕೆ: ಉಪಗ್ರಹ ವಿಜ್ಞಾನಿ ಯು.ಆರ್. ರಾವ್

ಭಾರತದ ಪ್ರಥಮ ಉಪಗ್ರಹ ‘ಆರ್ಯಭಟ’ದ ನಿರ್ಮಾಣದ ನೇತೃತ್ವ ವಹಿಸಿದ್ದ ಉಡುಪಿ ರಾಮಚಂದ್ರ ರಾವ್ (1932-2017) ಅವರನ್ನು ನಾಡಿನ ಜನತೆ ಬಲ್ಲುದು ಇಸ್ರೋ ಅಧ್ಯಕ್ಷರಾಗಿ. ಅಷ್ಟಾಗಿ ಪ್ರಚಾರ ಪಡೆಯದ ಮತ್ತೊಂದು ಅಧ್ಯಾಯವೂ ಅವರ ವೃತ್ತಿಜೀವನದಲ್ಲಿದೆ. ಆಗಸದ ಕಕ್ಷೆಗಳು ಮತ್ತು ರೇಡಿಯೋ ತರಂಗಗಳು ಯಾರಿಗೆ, ಎಷ್ಟು ಸಲ್ಲಬೇಕು ಎಂಬ ಅಂತರರಾಷ್ಟ್ರೀಯ ಚರ್ಚೆ ಒಂದು ಘಟ್ಟ ತಲುಪಿದ ವೇಳೆ ವಿಶ್ವಸಂಸ್ಥೆಯ ಸಂಬಂಧಪಟ್ಟ ಸಮಿತಿಯ ಅಧ್ಯಕ್ಷ ಪೀಠದಲ್ಲಿದ್ದವರು ಇದೇ ಕನ್ನಡಿಗ.

1932ರ ಮಾರ್ಚ್ 10ರಂದು ಉಡುಪಿ ಸಮೀಪದ ಅದಮಾರಿನಲ್ಲಿ ಜನನ. ತಂದೆ ಲಕ್ಷ್ಮೀನಾರಾಯಣ ಆಚಾರ್ಯ, ತಾಯಿ ಕೃಷ್ಣವೇಣಿ ಅಮ್ಮ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಬಳ್ಳಾರಿಯ ವೀರಶೈವ ಕಾಲೇಜು, ಅನಂತಪುರದ ಸರ್ಕಾರಿ ಕಾಲೇಜು ಹಾಗೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ. ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಬಳಿಕ ಅಮೆರಿಕದ ಎಂಐಟಿ ಹಾಗೂ ಡಲ್ಲಾಸ್‌ನಲ್ಲಿ ಕಾರ್ಯನಿರ್ವಹಿಸಿ, ಪಯೋನಿಯರ್ ಮತ್ತು ಎಕ್ಸ್‌ಪ್ಲೋರರ್ ನೌಕೆಗಳಲ್ಲಿ ಪ್ರಯೋಗಗಳನ್ನು ನಡೆಸಿದರು. 1966ರಲ್ಲಿ ಸ್ವದೇಶಕ್ಕೆ ಮರಳಿದರು. ಅವರು ಮೂಲತಃ ಭೌತವಿಜ್ಞಾನಿ. ದೂರಸಂಪರ್ಕ ಎಂಜಿನಿಯರಿಂಗ್ ಅವರ ಪಾಲಿಗೆ ಬಂದದ್ದು ಕರ್ತವ್ಯವಾಗಿ.

ಪೀಣ್ಯದ ಶೆಡ್ಡುಗಳು

ಸೋವಿಯತ್ ಒಕ್ಕೂಟದ ವಿಜ್ಞಾನ ಅಕಾಡೆಮಿಯೊಂದಿಗೆ 1972ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಉಪಗ್ರಹವನ್ನು ಭಾರತ ನಿರ್ಮಿಸುವುದು, ರಾಕೆಟ್ಟನ್ನು ಸೋವಿಯತ್ ಒದಗಿಸುವುದು ಎಂಬುದು ಅದರ ತಿರುಳು. ಹೊಣೆ ರಾವ್ ಅವರ ಹೆಗಲೇರಿತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳೇ ಪ್ರಯೋಗಾಲಯಗಳಾದವು. ತಂಡದ ಬಹುತೇಕ ಯುವ ಎಂಜಿನಿಯರುಗಳು ಅದುವರೆಗೆ ಉಪಗ್ರಹವೊಂದನ್ನು ಕಣ್ಣಾರೆ ಕಂಡವರೂ ಆಗಿರಲಿಲ್ಲ. ಸುಮಾರು 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್ ಕೇಂದ್ರದಿಂದ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ಸ್ಥಗಿತಗೊಂಡವು. ಆದರೂ ಉಪಗ್ರಹದ ಸಂಕೇತಗಳು 1981ರವರೆಗೆ ಭೂಮಿಗೆ ಬರುತ್ತಲೇ ಇದ್ದವು. ಎರಡು ರೂಪಾಯಿ ನೋಟಿನ ಮೇಲೆ ಆರ್ಯಭಟದ ಚಿತ್ರವನ್ನು ಕಂಡ ಪೀಳಿಗೆಗೆ ಈ ಹೆಸರನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ.

ಅದೇ ವರ್ಷ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯ ಟಿ.ವಿ.ಗಳು ಬಂದವು, ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ ಹಾಗೂ ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆದರೆ ಬಳಸಿದ ಎಟಿಎಸ್-6 ಉಪಗ್ರಹ ಅಮೆರಿಕದ್ದು. ಒಂದು ವರ್ಷದ ಗಡುವು ಮುಗಿದೊಡನೆ, 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು. ಎರವಲು ಒಡವೆಯ ಪಾಡು ಏನೆಂಬುದು ಆ ಹಳ್ಳಿಗಳಿಗೂ ವಿಜ್ಞಾನಿಗಳಿಗೂ ಏಕಕಾಲಕ್ಕೆ ಅರಿವಾಯಿತು.

ಕಕ್ಷೆಗೇಕೆ ಕಾನೂನು?

ಗದಗ ತಾಲ್ಲೂಕಿನ ಮುಳಗುಂದದಲ್ಲಿ ಮಾಳಿಗೆಯ ಮೇಲೆ ಡಿಡಿ ಫ್ರೀ ಡಿಶ್ ತಟ್ಟೆ ಅಳವಡಿಸಬೇಕಾದರೆ ಅದನ್ನು ಆಗ್ನೇಯ ದಿಕ್ಕಿಗೇ ತಿರುಗಿಸಬೇಕು. ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಜಿಸ್ಯಾಟ್-15 ನೆಲೆಸಿರುವುದೇ ಇದಕ್ಕೆ ಕಾರಣ. ಭೂಮಿಯಿಂದ 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಉಪಗ್ರಹವು ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ ನೆಲದಿಂದ ನೋಡುವವರಿಗೆ ನಿಂತಲ್ಲೇ ನಿಂತಂತೆ ತೋರುತ್ತದೆ. ಇಂತಹ ಕಕ್ಷೆ ಇರುವುದು ಒಂದೇ. ಅಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 735 ಕಿ.ಮೀ. ಜಾಗವೇನೋ ವಿಶಾಲವಾಗಿದೆ. ಆದರೆ ಒಂದೇ ತರಂಗಾಂತರವನ್ನು ಬಳಸುವ ಎರಡು ಉಪಗ್ರಹಗಳು ಹತ್ತಿರ ಹತ್ತಿರ ನಿಂತರೆ ನೆಲದ ಆಂಟೆನಾ ಎರಡರ ಸಂಕೇತಗಳನ್ನೂ ಹಿಡಿದು ಗೊಂದಲಕ್ಕೀಡಾಗುತ್ತದೆ. ಕೊರತೆ ಇರುವುದು ಜಾಗಕ್ಕಲ್ಲ, ತರಂಗಗಳಿಗೆ.

ಈ ಹಂಚಿಕೆಯ ನಿಯಮಗಳನ್ನು ರೂಪಿಸುವುದು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು). 1865ರಲ್ಲಿ ತಂತಿ ವ್ಯವಸ್ಥೆಗಾಗಿ ಹುಟ್ಟಿದ ಈ ಸಂಸ್ಥೆಯ ಸಮ್ಮೇಳನವು 1963ರಲ್ಲಿ ಮೊದಲ ಬಾರಿಗೆ ಬಾಹ್ಯಾಕಾಶ ಸಂಪರ್ಕಕ್ಕಾಗಿ ವ್ಯಾಪಕವಾಗಿ ತರಂಗಪಟ್ಟಿಗಳನ್ನು ಮೀಸಲಿಟ್ಟಿತು. ಉಪಗ್ರಹ ಹಾರಿಸಲು ಬಯಸುವ ದೇಶ ಮೊದಲೇ ವಿವರ ಸಲ್ಲಿಸಬೇಕು, ನೆರೆಯ ಉಪಗ್ರಹಗಳ ದೇಶಗಳೊಂದಿಗೆ ಮಾತುಕತೆ ನಡೆಸಿ ಹೊಂದಾಣಿಕೆ ಮಾಡಿಕೊಳ್ಳಬೇಕು, ನಂತರವಷ್ಟೇ ನೋಂದಣಿ. ಈಗಿನ ನಿಯಮದಂತೆ ಏಳು ವರ್ಷಗಳೊಳಗೆ ಉಪಗ್ರಹ ಬಳಕೆಗೆ ಬರಬೇಕು. ಇಲ್ಲವಾದರೆ ಹಕ್ಕು ಕೈತಪ್ಪುತ್ತದೆ. ಭಾರತದ ಪರವಾಗಿ ಈ ಕೆಲಸವನ್ನು ನಿರ್ವಹಿಸುವುದು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನಾ ಮತ್ತು ಸಮನ್ವಯ ವಿಭಾಗ, ಅಂದರೆ ಡಬ್ಲ್ಯುಪಿಸಿ. ರಾಕೆಟ್ ಉಡಾವಣೆಗೆ ಸಿಗುವ ಪ್ರಚಾರದ ನೂರನೇ ಒಂದು ಪಾಲೂ ಈ ಕಡತಗಳ ಹೋರಾಟಕ್ಕೆ ಸಿಗುವುದಿಲ್ಲ.

ಮೊದಲು ಬಂದವರಿಗೆ ಮೊದಲ ಮಣೆ ಎಂಬ ಈ ಪದ್ಧತಿಯಿಂದ ಲಾಭವಾದದ್ದು ಸಹಜವಾಗಿಯೇ ಶ್ರೀಮಂತ ರಾಷ್ಟ್ರಗಳಿಗೆ. ಇದನ್ನು ಪ್ರತಿಭಟಿಸಿ ಸಮಭಾಜಕ ವೃತ್ತದ ಹಲವು ರಾಷ್ಟ್ರಗಳು 1976ರಲ್ಲಿ ಬೊಗೋಟಾದಲ್ಲಿ ಸೇರಿ, ತಮ್ಮ ನೆತ್ತಿಯ ಮೇಲಿನ ಕಕ್ಷೆ ತಮ್ಮದೇ ಎಂದು ಘೋಷಿಸಿದವು. ಜಗತ್ತು ಒಪ್ಪಲಿಲ್ಲ. ಆದರೆ 1985 ಹಾಗೂ 1988ರ ಐಟಿಯು ಸಮ್ಮೇಳನಗಳ ಫಲವಾಗಿ, ಕೆಲವು ತರಂಗಪಟ್ಟಿಗಳಲ್ಲಿ ಪ್ರತಿ ರಾಷ್ಟ್ರಕ್ಕೂ ಕನಿಷ್ಠ ಒಂದು ಕಕ್ಷಾಸ್ಥಾನವನ್ನು ಕಾಯ್ದಿಡುವ ಯೋಜನೆ ಅಂಗೀಕಾರವಾಯಿತು. ಅದೇ ಸುಮಾರಿಗೆ ಪುಟ್ಟ ದ್ವೀಪರಾಷ್ಟ್ರ ಟೋಂಗಾ 16 ಸ್ಥಾನಗಳಿಗೆ ಬೇಡಿಕೆ ಸಲ್ಲಿಸಿ ಎಲ್ಲರ ಹುಬ್ಬೇರಿಸಿತು. ಉಪಗ್ರಹವೇ ಇಲ್ಲದೆ ಹೀಗೆ ಜಾಗ ಕಾದಿರಿಸುವ ಅರ್ಜಿಗಳಿಗೆ ‘ಕಾಗದದ ಉಪಗ್ರಹ’ ಎಂಬ ಹೆಸರೇ ಬಿದ್ದಿದೆ.

ಎತ್ತಿನ ಬಂಡಿಯ ಮೇಲೆ ಆ್ಯಪಲ್

ಕಡತದಲ್ಲಿ ಹಕ್ಕು ಕೇಳುವುದು ಒಂದು, ಆ ಸ್ಥಾನದಲ್ಲಿ ಉಪಗ್ರಹ ನಿಲ್ಲಿಸುವುದು ಇನ್ನೊಂದು. ರಾವ್ ಅವರ ತಂಡ ಎರಡನೆಯದನ್ನು ಸಾಧ್ಯವಾಗಿಸಿತು. ಭಾರತದ ಪ್ರಥಮ ಭೂಸ್ಥಿರ ಪ್ರಾಯೋಗಿಕ ಸಂಪರ್ಕ ಉಪಗ್ರಹ ‘ಆ್ಯಪಲ್’ 1981ರ ಜೂನ್ 19ರಂದು ಐರೋಪ್ಯ ಏರಿಯಾನ್ ರಾಕೆಟ್‌ನ ಪರೀಕ್ಷಾರ್ಥ ಹಾರಾಟದಲ್ಲಿ ಮೇಲೇರಿತು. ಯೋಜನಾ ನಿರ್ದೇಶಕರು ಆರ್.ಎಂ. ವಾಸಗಂ. ಈ ಉಪಗ್ರಹವನ್ನು ಎತ್ತಿನ ಬಂಡಿಯ ಮೇಲಿರಿಸಿದ ಛಾಯಾಚಿತ್ರ ಜಗತ್ಪ್ರಸಿದ್ಧ. ಬಡದೇಶದ ವಿಚಿತ್ರವೆಂದು ಅದನ್ನು ನೋಡಿ ನಕ್ಕವರಿದ್ದಾರೆ. ವಾಸ್ತವವಾಗಿ ಅದು ಶುದ್ಧ ರೇಡಿಯೋ ವಿಜ್ಞಾನ. ಲೋಹದ ಲಾರಿಯ ಮೇಲಿಟ್ಟರೆ ತರಂಗಗಳು ಪ್ರತಿಫಲಿಸಿ ಆಂಟೆನಾದ ಅಳತೆ ತಪ್ಪುತ್ತಿತ್ತು. ಬಯಲಿನಲ್ಲಿ ಮರದ ಬಂಡಿಯ ಮೇಲೆ ಆ ತೊಡಕಿರಲಿಲ್ಲ. ಕಕ್ಷೆಯಲ್ಲಿ ಒಂದು ಸೌರಫಲಕ ತೆರೆದುಕೊಳ್ಳದೆ ಹೋದರೂ ಆ್ಯಪಲ್ ಎರಡು ವರ್ಷಕ್ಕೂ ಮೀರಿ ಕಾರ್ಯನಿರ್ವಹಿಸಿತು.

ಅತ್ತ ಅಮೆರಿಕದಲ್ಲಿ ನಿರ್ಮಿಸಿ ತರಿಸಿದ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿ, ಸೆಪ್ಟೆಂಬರ್ ವೇಳೆಗೆ ಇಂಧನ ಬರಿದಾಗಿ ನಿಷ್ಪ್ರಯೋಜಕವಾಯಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಮಾನ ಉಳಿಸಿತು. ದೇಶದ ಮೂಲೆಮೂಲೆಗೆ ದೂರದರ್ಶನ, ದೂರವಾಣಿ ಹಾಗೂ ಹವಾಮಾನ ಸೇವೆಗಳನ್ನು ಅದು ತಲುಪಿಸಿತು. ಈ ಉಪಗ್ರಹಗಳ ಲಗಾಮು ಹಿಡಿದದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ.

1984ರಲ್ಲಿ ರಾವ್ ಇಸ್ರೋ ಅಧ್ಯಕ್ಷರಾದರು. 1987 ಮತ್ತು 1988ರಲ್ಲಿ ಎಎಸ್ಎಲ್‌ವಿ ರಾಕೆಟ್ ಸತತ ಎರಡು ಬಾರಿ ಸಮುದ್ರ ಪಾಲಾಯಿತು, ಟೀಕೆಗಳ ಸುರಿಮಳೆಯಾಯಿತು. ಮರುವರ್ಷವೇ ಇನ್ಸಾಟ್-1ಸಿ ಕೂಡ ಕೈಕೊಟ್ಟಿತು. ಇವೆಲ್ಲದರ ನಡುವೆ ಸ್ವದೇಶಿ ಇನ್ಸಾಟ್-2 ಸರಣಿಯ ಕಾರ್ಯ ಬೆಂಗಳೂರಿನಲ್ಲಿ ಸದ್ದಿಲ್ಲದೆ ಸಾಗಿತ್ತು. 1992ರ ಜುಲೈ 10ರಂದು ಇನ್ಸಾಟ್-2ಎ ಯಶಸ್ವಿಯಾಗಿ ಮೇಲೇರಿದಾಗ, ಕಕ್ಷೆಯಲ್ಲಿ ಭಾರತಕ್ಕಿದ್ದ ಸ್ಥಾನವನ್ನು ಭಾರತದ್ದೇ ಪೂರ್ಣ ಪ್ರಮಾಣದ ಉಪಗ್ರಹ ತುಂಬಿತು. ರಾವ್ ಅವರ ಅಧಿಕಾರಾವಧಿಯ ಅತಿ ಮುಖ್ಯ ದಿನ ಇದೇ ಎನ್ನಬೇಕು. ರಾಕೆಟ್ಟುಗಳ ಅಬ್ಬರದಲ್ಲಿ ಇದು ಮರೆಯಾಗಿದೆ.

ವಿಯೆನ್ನಾದ ಪೀಠ

1994ರಲ್ಲಿ ಇಸ್ರೋದಿಂದ ನಿವೃತ್ತರಾದ ರಾವ್, 1997ರಿಂದ 2000ದವರೆಗೆ ವಿಶ್ವಸಂಸ್ಥೆಯ ಬಾಹ್ಯಾಕಾಶದ ಶಾಂತಿಯುತ ಬಳಕೆ ಸಮಿತಿಯ ಅಧ್ಯಕ್ಷರಾಗಿದ್ದರು. 1999ರ ಜುಲೈನಲ್ಲಿ ವಿಯೆನ್ನಾದಲ್ಲಿ ಜರುಗಿದ ‘ಯುನಿಸ್ಪೇಸ್-3’ ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದರು. ಭೂಸ್ಥಿರ ಕಕ್ಷೆಯ ವಿಷಯ ಈ ಸಮಿತಿಯ ಕಾನೂನು ಉಪಸಮಿತಿಯಲ್ಲಿ ದಶಕಗಳಿಂದ ಕಗ್ಗಂಟಾಗಿತ್ತು. ಕೊಲಂಬಿಯಾ ಮಂಡಿಸಿದ ಪ್ರಸ್ತಾವದ ಆಧಾರದ ಮೇಲೆ 2000ದಲ್ಲಿ ಒಮ್ಮತ ಮೂಡಿತು. ಈಗಾಗಲೇ ಕಕ್ಷೆ ಮತ್ತು ತರಂಗಗಳನ್ನು ಬಳಸುತ್ತಿರುವ ರಾಷ್ಟ್ರಗಳು, ಹೊಸದಾಗಿ ಬರುವ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಸಮಾನ ಅವಕಾಶ ದೊರೆಯುವಂತೆ ಕಾರ್ಯಸಾಧ್ಯವಾದ ಎಲ್ಲ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಸಾರ. ಇದು ಯಾರನ್ನೂ ಕಟ್ಟಿಹಾಕುವ ಕಾಯ್ದೆಯಲ್ಲ, ಶಿಫಾರಸು ಮಾತ್ರ. ಭೂಸ್ಥಿರ ಕಕ್ಷೆಯಲ್ಲಿ ಮುಗಿಯದ ಈ ಜಗ್ಗಾಟ ಇಂದು ಸಾವಿರಾರು ಉಪಗ್ರಹಗಳ ಅಂತರ್ಜಾಲ ಜಾಲಗಳಿಂದಾಗಿ ಕೆಳ ಕಕ್ಷೆಗಳಿಗೂ ಇಳಿದಿದೆ.

ರಾವ್ ಅವರಿಗೆ 1976ರಲ್ಲಿ ಪದ್ಮಭೂಷಣ, 2017ರಲ್ಲಿ ಪದ್ಮವಿಭೂಷಣ ಸಂದವು. 2013ರಲ್ಲಿ ವಾಷಿಂಗ್ಟನ್ನಿನ ಸ್ಯಾಟಲೈಟ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಗೊಂಡ ಪ್ರಥಮ ಭಾರತೀಯ ಅವರು. 2017ರ ಜುಲೈ 24ರಂದು ಬೆಂಗಳೂರಿನಲ್ಲಿ ನಿಧನರಾದರು. ಪೀಣ್ಯದ ಶೆಡ್ಡುಗಳಿಂದ ಬೆಳೆದು ನಿಂತ ಇಸ್ರೋ ಉಪಗ್ರಹ ಕೇಂದ್ರಕ್ಕೆ 2018ರ ಏಪ್ರಿಲ್‌ನಲ್ಲಿ ಯು.ಆರ್. ರಾವ್ ಉಪಗ್ರಹ ಕೇಂದ್ರವೆಂದು ಮರುನಾಮಕರಣ ಮಾಡಲಾಯಿತು.