ಆಸ್ಪತ್ರೆಯಲ್ಲಿ ಹುಟ್ಟಿದ ಹುಣ್ಣಿಗೆ ಹಣ ಯಾರದು?

ವೃದ್ಧರೊಬ್ಬರು ತೊಡೆಯ ಮೂಳೆ ಮುರಿದು ಆಸ್ಪತ್ರೆ ಸೇರಿದರೆಂದು ಇಟ್ಟುಕೊಳ್ಳಿ. ಮೂಳೆ ಕೂಡಿತು, ಆದರೆ ಮಗ್ಗುಲು ಬದಲಿಸುವವರಿಲ್ಲದೆ ಬೆನ್ನಿನಲ್ಲಿ ಹುಣ್ಣಾಯಿತು. ಆ ಹುಣ್ಣಿನ ಚಿಕಿತ್ಸೆಗೆ ಹಣ ತೆರಬೇಕಾದವರು ಯಾರು? ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾನೂನಿನ ಉತ್ತರ ದೊರೆಯಲು 40 ವರ್ಷ ಹಿಡಿಯಿತು.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. 65 ದಾಟಿದವರ ಆಸ್ಪತ್ರೆಯ ವೆಚ್ಚದ ಬಹುಪಾಲನ್ನು ಸರ್ಕಾರದ ವಿಮೆ ವಹಿಸಿಕೊಂಡಿತು. ಮೊದಮೊದಲು ಆಸ್ಪತ್ರೆ ತೋರಿಸಿದ ಖರ್ಚಿನಂತೆ ಹಣ ಸಲ್ಲುತ್ತಿತ್ತು. 1983ರ ಕಾನೂನು ಇದನ್ನು ಬದಲಿಸಿ, ಇಂಥ ಕಾಯಿಲೆಗೆ ಇಂತಿಷ್ಟೆಂದು ಗೊತ್ತುಮಾಡಿತು. ಆದರೂ ಒಂದು ಸಂದು ಉಳಿಯಿತು. ಒಳಗೆ ಬಂದಮೇಲೆ ಹೊಸ ತೊಡಕು ಸೇರಿಕೊಂಡರೆ ರೋಗಿಯನ್ನು ಹೆಚ್ಚಿನ ದರದ ವರ್ಗಕ್ಕೆ ಏರಿಸಬಹುದಾಗಿತ್ತು. ಹುಣ್ಣು ಮಾಡಿದವರಿಗೇ ಹುಣ್ಣಿನ ಸಂಭಾವನೆ!

2005ರ ಕಾನೂನು ಈ ಸಂದನ್ನು ಮುಚ್ಚಹೊರಟಿತು. 2008ರ ಅಕ್ಟೋಬರ್ 1ರಿಂದ, ಆಸ್ಪತ್ರೆಯಲ್ಲೇ ಹುಟ್ಟಿದ ಆಳವಾದ ಹಾಸಿಗೆ ಹುಣ್ಣು, ಬಿದ್ದು ಆದ ಗಾಯ, ಮೂತ್ರದ ನಳಿಕೆಯಿಂದ ತಗಲಿದ ಸೋಂಕು ಮೊದಲಾದುವಕ್ಕೆ ಹೆಚ್ಚುವರಿ ಹಣ ನಿಂತಿತು.

ಅದೇ ತಿಂಗಳು ಮನೆಗೆ ಕಳುಹಿಸಲಾದ ಮೆಡಿಕೇರ್ ರೋಗಿಗಳ ಪೈಕಿ 780 ಮಂದಿಯ ದಾಖಲೆಗಳನ್ನು ಸರ್ಕಾರದ ತನಿಖಾಧಿಕಾರಿಗಳು ಪರಿಶೀಲಿಸಿದರು. 2010ರ ವರದಿಯನ್ನು ನೋಡಿ: ಚಿಕಿತ್ಸೆಯಿಂದಲೇ ಗಂಭೀರ ಹಾನಿಗೊಳಗಾದವರು ನೂರಕ್ಕೆ 13.5, ತಾತ್ಕಾಲಿಕ ತೊಂದರೆಪಟ್ಟವರೂ ಅಷ್ಟೇ. ಈ ಘಟನೆಗಳಲ್ಲಿ ನೂರಕ್ಕೆ 44 ತಪ್ಪಿಸಬಹುದಾಗಿದ್ದವು. ಮೆಡಿಕೇರಿಗೆ ಇವುಗಳಿಂದಾದ ಹೊರೆ ವರ್ಷಕ್ಕೆ ಸುಮಾರು 440 ಕೋಟಿ ಡಾಲರ್. ಹಣ ನಿಲ್ಲಿಸಿದ ಪಟ್ಟಿಯೊಳಗಿನ ತೊಡಕಾದರೋ ಕಂಡದ್ದು ನೂರಕ್ಕೆ ಒಬ್ಬರಲ್ಲಿ ಮಾತ್ರ. ಮನೆಗೆ ಮರಳಿದ ಮೇಲಿನ ಆರೈಕೆಯ ಖರ್ಚು ಆ 440 ಕೋಟಿಯಲ್ಲಿ ಸೇರಿರಲಿಲ್ಲ.