ನಾರು ಹುಣ್ಣು ಹೋದ ಬಗೆ

ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಸಾಲ, ಬೀಜ, ಗೊಬ್ಬರದ ಲೆಕ್ಕವನ್ನು ಬೇರೆಯವರು ಬರೆದಿದ್ದಾರೆ. ನಾವು ಒಂದು ಹಳೆಯ ಸಂಗತಿಯನ್ನು ಸದಸ್ಯ ಬಾಂಧವರ ಮುಂದೆ ಇಡುತ್ತೇವೆ.

ಮುದಗಲ್ ಸೀಮೆಯ ಹಿರಿಯರಿಗೆ ನಾರು ಹುಣ್ಣು ಗೊತ್ತು. ಕಾಲಲ್ಲಿ ಬೊಕ್ಕೆ ಎದ್ದು ಒಡೆದು, ಎರಡು ಮೂರು ಅಡಿ ಉದ್ದದ ಬಿಳಿ ಹುಳ ದಾರದ ಹಾಗೆ ಹೊರಬೀಳುತ್ತಿತ್ತು. ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟು ಎಳೀಬೇಕು. ನಡುವೆ ಹರಿದರೆ ಕಾಲು ಬಾತು ಕೀವು. ಬಿತ್ತಿಗೆ ಹೊತ್ತಿನ್ಯಾಗ ದುಡಿಯುವವನೇ ಹಾಸಿಗೆ ಹಿಡಿದರೆ ಹೊಲ ಬೀಳು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಮಂದಿಗೆ ಈ ರೋಗವಿತ್ತು. ಕರ್ನಾಟಕವೂ ಅದರಲ್ಲಿ ಸೇರಿತ್ತು.

ಇದಕ್ಕೆ ಲಸಿಕೆಯಿಲ್ಲ, ಗುಳಿಗೆಯಿಲ್ಲ. ಹುಣ್ಣಿದ್ದವನು ಪಾವಟಿಗೆ ಬಾವಿಗೆ ಇಳಿದರೆ ಹುಳದ ಮರಿ ನೀರಿಗೆ ಬೀಳುತ್ತವೆ. ಅವನ್ನು ಸೈಕ್ಲಾಪ್ಸ್ ಅಂಬೋ ಸಣ್ಣ ನೀರುಹುಳ ತಿನ್ನುತ್ತದೆ, ಆ ನೀರನ್ನು ನಾವು ಕುಡಿಯುತ್ತೇವೆ. ಹುಣ್ಣು ಏಳುವುದು ಸುಮಾರು ಒಂದು ವರ್ಷಕ್ಕೆ! ಮೊನ್ನೆಯ ನೀರಿಗೆ ಇವತ್ತು ಭೇದಿ ಅಂದರೆ ನಂಬಬಹುದು. ಹೋದ ವರ್ಷದ ನೀರಿಗೆ ಈ ವರ್ಷ ಹುಣ್ಣು ಅಂದರೆ ಯಾರು ನಂಬ್ಯಾರು? ದೇವರ ಶಾಪ, ಮೈಯ ಉಷ್ಣ ಅಂತಿದ್ದರು.

ನಾವು ಸಣ್ಣವರಿದ್ದಾಗ ಊರಿಗೆ ಬಂದ ಆರೋಗ್ಯ ಕಾರ್ಯಕರ್ತರು ಭಾಷಣ ಮಾಡಲಿಲ್ಲ. ಬಾವಿ ನೀರನ್ನು ಗಾಜಿನ ಗ್ಲಾಸಿನಲ್ಲಿ ತುಂಬಿ ಬಿಸಿಲಿಗೆ ಹಿಡಿದರು. ಬಿಳಿ ಚುಕ್ಕಿಗಳು ಜಿಗಿದಾಡುತ್ತಿದ್ದವು. "ಯವ್ವಾ, ಇದನ್ನ ಕುಡಿಯಾಕತ್ತೀವೇನ!" ಎಂದು ನಮ್ಮಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. ಅವರು ಹೇಳಿದ್ದು ಎರಡೇ: ಬಟ್ಟೆ ಎರಡು ಮಡಿಕೆ ಮಾಡಿ ಸೋಸಿ ಕುಡೀರಿ, ಹುಣ್ಣಿದ್ದವರು ಬಾವಿಗೆ ಇಳಿಯಬ್ಯಾಡ್ರಿ. ಮರುದಿನದಿಂದ ನಮ್ಮ ಮನೆಯ ಕೊಡದ ಬಾಯಿಗೆ ಹಳೆ ಸೀರೆಯ ತುಂಡು ಬಂತು. ಬರೇ ಮಾತಿನಿಂದಲೇ ರೋಗ ಹೋಯಿತೆಂದರೆ ಸುಳ್ಳಾದೀತು. ಬೋರಿಂಗ್ ಪಂಪು ಹಾಕಿದರು, ಬಾವಿಗೆ ಟೆಮಿಫಾಸ್ ಔಷಧಿ ಬಿಟ್ಟರು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಣ್ಣಿನಿಂದ ಮುಕ್ತವೆಂದು ಸಾರಿತು.

ಇಷ್ಟು ಕಂಡ ನಾವೇ 2020ರಲ್ಲಿ ಕೊರೊನಾ ಬಂದಾಗ ತಪ್ಪಿದೆವು. ಸಂಘದ ಬಾಗಿಲಿಗೆ "ಸಾಮಾಜಿಕ ಅಂತರ ಕಾಪಾಡಿ" ಎಂದು ದೊಡ್ಡ ಕಾಗದ ಹಚ್ಚಿ ಕೈತೊಳೆದುಕೊಂಡೆವು. ಗೊಬ್ಬರದ ಪಾಳಿಯಲ್ಲಿ ಮಂದಿ ಮೈಗೆ ಮೈ ಹತ್ತಿಸಿಯೇ ನಿಂತರು. ಹಿರಿಯ ಸದಸ್ಯರೊಬ್ಬರು, "ಅಂತರ ಅಂದ್ರ ಎಷ್ಟ್ರೆಪಾ? ಜಾತಿದೇನು?" ಎಂದು ಕೇಳಿದಾಗ ನಮಗೆ ನಾಚಿಕೆಯಾಯಿತು. "ಪಾಸಿಟಿವ್ ಬಂದೈತಿ" ಅಂದರೆ ಒಳ್ಳೇದಾಯ್ತು ಅಂದವರೂ ಇದ್ದರು, ಅವರದೇನು ತಪ್ಪು?

ಆಮೇಲೆ ಕಾಗದ ಹರಿದು, "ಒಂದು ಮಾರು ದೂರ ನಿಲ್ರಿ" ಎಂದು ಬಾಯಿಲೆ ಹೇಳಿ, ಅಂಗಳದಲ್ಲಿ ಸುಣ್ಣದಿಂದ ಗುಂಡು ಹಾಕಿದೆವು. ಆ ಹಿರಿಯರೇ ಮೊದಲನೇ ಗುಂಡಿನಲ್ಲಿ ನಿಂತು, ಕೈ ಚಾಚಿ ಮಾರು ಅಳೆದು ಹಿಂದಿನವರಿಗೆ ತೋರಿಸಿದರು.